ಮೊದಲು ಕೈ ಎತ್ತಿಸಿ, ಆಮೇಲೆ ಬಣ್ಣ ಆರಿಸಿ: ಚಿಯರ್‌ಲೀಡಿಂಗ್ ತಂಡದ ಸಮವಸ್ತ್ರಕ್ಕೆ ಹೊಲಿಗೆಯವಳ ಸಲಹೆ

ಬಾಗಲಕೋಟೆಯ ನವನಗರದಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಬ್ಲೌಸು, ಚೂಡಿದಾರ ವರ್ಷವಿಡೀ ಇದ್ದದ್ದೇ. ಆದರೆ ಕ್ರೀಡಾಕೂಟ, ಗ್ಯಾದರಿಂಗ್‌ಗಳ ಕಾಲದಲ್ಲಿ ಬರುವ ತಂಡಗಳ ಕೆಲಸವೆಂದರೆ ನನಗೆ ವಿಶೇಷ ಪ್ರೀತಿ. ಈಚೆಗೆ ಪಂದ್ಯಗಳಲ್ಲಿ ಕುಣಿದು, ಘೋಷಣೆ ಕೂಗಿ ಆಟಗಾರರನ್ನು ಹುರಿದುಂಬಿಸುವ ಚಿಯರ್‌ಲೀಡಿಂಗ್ ತಂಡಗಳೂ ಬರುತ್ತಿವೆ. ಬರುವವರೆಲ್ಲರ ಕೈಯಲ್ಲೂ ಮೊಬೈಲ್, ಮೊಬೈಲಿನಲ್ಲಿ ಒಂದು ಚಿತ್ರ, ಬಾಯಲ್ಲಿ ಒಂದೇ ಮಾತು: "ಅಕ್ಕಾ, ನಮಗೆ ಇಂಥದ್ದೇ ಬೇಕು." ಆ ಚಿತ್ರದಲ್ಲಿರುವ ಹುಡುಗಿ ಸುಮ್ಮನೆ ನಿಂತಿರುತ್ತಾಳೆ. ನಿಮ್ಮ ತಂಡದ ಹುಡುಗಿ ಜಿಗಿಯುತ್ತಾಳೆ, ಬಾಗುತ್ತಾಳೆ, ಗೆಳತಿಯರ ಹೆಗಲ ಮೇಲೆ ಏರುತ್ತಾಳೆ. ಹಾಗಾಗಿ ದೈಹಿಕ ಶಿಕ್ಷಕರಿಗೂ ತಂಡದ ನಾಯಕಿಯರಿಗೂ ನಾನು ಮೊದಲು ಹೇಳುವುದು ಇಷ್ಟೇ: ಉಡುಗೆಯನ್ನು ಮೈಯ ಚಲನೆಯಿಂದ ಆರಿಸಿ. ಬಣ್ಣ, ಮಿಂಚು, ಅಕ್ಷರ ಎಲ್ಲವೂ ಆಮೇಲಿನ ಮಾತು.

ಚಿತ್ರವನ್ನು ಪಕ್ಕಕ್ಕಿಟ್ಟು ಒಂದು ಪ್ರಶ್ನೆಗೆ ಉತ್ತರ ಕೊಡಿ. ನಿಮ್ಮ ತಂಡ ಕೈಯಲ್ಲಿ ಕುಚ್ಚು (ಪಾಮ್‌ಪಾಮ್) ಹಿಡಿದು ನೆಲದ ಮೇಲೆಯೇ ಕುಣಿಯುತ್ತದೆಯೋ, ಅಥವಾ ಒಬ್ಬರನ್ನೊಬ್ಬರು ಎತ್ತಿ ಪಿರಮಿಡ್ ಕಟ್ಟುತ್ತದೆಯೋ? ಕುಣಿತ ಮಾತ್ರವಾದರೆ ಉಡುಗೆಯಲ್ಲಿ ಸಾಕಷ್ಟು ಸ್ವಾತಂತ್ರ್ಯವಿದೆ: ಸಡಿಲ ತೋಳು, ಹಾರಾಡುವ ನೆರಿಗೆ, ಸ್ವಲ್ಪ ಮಿಂಚು, ಎಲ್ಲವೂ ನಡೆಯುತ್ತದೆ. ಎತ್ತುವುದು, ಹಿಡಿಯುವುದು ಇದ್ದರೆ ಬಟ್ಟೆ ಸುರಕ್ಷತೆಯ ಸಾಮಗ್ರಿಯೂ ಆಗುತ್ತದೆ. ಕೆಳಗೆ ನಿಂತವರು ಮೇಲಿನವಳನ್ನು ಹಿಡಿಯುವುದು ಪಾದ, ಹರಡು, ಸೊಂಟಗಳಲ್ಲಿ. ಆ ಜಾಗಗಳಲ್ಲಿ ಬಟ್ಟೆ ಜಾರಿದರೆ ಹಿಡಿತವೂ ಜಾರುತ್ತದೆ.

ಈ ಆಟದ ಹಿನ್ನೆಲೆ ಗೊತ್ತಿದ್ದರೆ ಪಾಲಕರ ಜೊತೆ ಮಾತನಾಡುವುದು ಸುಲಭ. ನಮ್ಮ ಕಡೆ ಹೆಚ್ಚಿನವರು ಚಿಯರ್‌ಲೀಡರ್‌ಗಳನ್ನು ಮೊದಲು ನೋಡಿದ್ದು 2008ರಲ್ಲಿ, ಐಪಿಎಲ್ ಶುರುವಾದಾಗ, ಟಿವಿಯಲ್ಲಿ. ಆಗ ಅವರ ಉಡುಗೆಯ ಬಗ್ಗೆ ದೊಡ್ಡ ಆಕ್ಷೇಪವೇ ಎದ್ದಿತ್ತು. ಚಿಯರ್‌ಲೀಡಿಂಗ್ ಎಂದ ಕೂಡಲೇ ಅಪ್ಪಂದಿರ ಹುಬ್ಬು ಗಂಟಿಕ್ಕುವುದು ಆ ನೆನಪಿನಿಂದ. ಆದರೆ ಇದು ಹುಟ್ಟಿದ್ದು 1898ರಲ್ಲಿ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ. ಜಾನಿ ಕ್ಯಾಂಬೆಲ್ ಎಂಬ ವಿದ್ಯಾರ್ಥಿ ಫುಟ್ಬಾಲ್ ಪಂದ್ಯದಲ್ಲಿ ಪ್ರೇಕ್ಷಕರ ಮುಂದೆ ನಿಂತು ಘೋಷಣೆ ಕೂಗಿಸಿದ. ಮೊದಲ ದಶಕಗಳಲ್ಲಿ ಇದು ಹುಡುಗರ ಕೆಲಸವೇ ಆಗಿತ್ತು. ಕಾಲೇಜಿನ ಅಕ್ಷರ ಹೊಲಿದ ಉಣ್ಣೆಯ ಸ್ವೆಟರು ಅವರ ಸಮವಸ್ತ್ರ. ಹುಡುಗಿಯರು ಬಂದದ್ದು 1920ರ ದಶಕದಲ್ಲಿ, ಅವರೂ ತೊಟ್ಟದ್ದು ಉದ್ದ ಸ್ಕರ್ಟು ಮತ್ತು ಸ್ವೆಟರು. ಜಿಗಿತ, ಲಾಗ, ಎತ್ತುವಿಕೆ ಹೆಚ್ಚಿದಂತೆ ಸ್ಕರ್ಟು ಗಿಡ್ಡವಾಯಿತು, ಬಟ್ಟೆ ಹಗುರವಾಯಿತು, ಹಿಗ್ಗತೊಡಗಿತು. 2021ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಈ ಕ್ರೀಡೆಯ ಅಂತರರಾಷ್ಟ್ರೀಯ ಒಕ್ಕೂಟಕ್ಕೆ ಪೂರ್ಣ ಮಾನ್ಯತೆ ಕೊಟ್ಟಿದೆ. ಅಮೆರಿಕದ ಪ್ರೌಢಶಾಲಾ ನಿಯಮದ ಪ್ರಕಾರ, ಕೈ ಕೆಳಗೆ ಬಿಟ್ಟು ನೇರ ನಿಂತಾಗ ಅಂಗಿ ಹೊಟ್ಟೆಯನ್ನು ಮುಚ್ಚಿರಲೇಬೇಕು. ಮೈ ಮುಚ್ಚುವ ಉಡುಗೆಯಲ್ಲಿ ಈ ಆಟ ಆಡಬಹುದು ಎಂದು ಅಂಜಿಕೆಯಿಲ್ಲದೆ ಹೇಳಿ, ಅದು ನಿಜವೇ.

ಬಟ್ಟೆ

ನಮ್ಮ ಶಾಲೆಗಳಲ್ಲಿ ನೃತ್ಯದ ಉಡುಗೆ ಎಂದರೆ ಸ್ಯಾಟಿನ್. ಅಗ್ಗ, ಮಿಂಚುತ್ತದೆ, ಎಲ್ಲ ಬಣ್ಣಗಳಲ್ಲೂ ಸಿಗುತ್ತದೆ. ಚಿಯರ್‌ಲೀಡಿಂಗ್‌ಗೆ ಅದನ್ನು ತರಬೇಡಿ. ಸ್ಯಾಟಿನ್ ಹಿಗ್ಗುವುದಿಲ್ಲ. ಕಾಲು ಅಗಲಿಸಿದರೆ ತೊಡೆಸಂದಿಯಲ್ಲಿ, ಕೈ ಎತ್ತಿದರೆ ಕಂಕುಳಲ್ಲಿ ಹೊಲಿಗೆ ಬಿಡುತ್ತದೆ. ಬೆವರಿದ ಕೈಯಲ್ಲಿ ಅದು ಜಾರುವುದನ್ನು ನೋಡಿದರೆ ಎತ್ತುವ ತಂಡಕ್ಕೆ ಯಾರೂ ಅದನ್ನು ಹೊಲಿಸಲಾರರು. ಒದ್ದೆಯಾದಂತೆ ಹೊಳೆಯುವ ಲೈಕ್ರಾ ಬರುತ್ತದಲ್ಲ, ಅದೂ ಅಷ್ಟೇ ಜಾರುತ್ತದೆ.

ಬೇಕಾದದ್ದು ಮಂದ ಹೊಳಪಿನ, ನಾಲ್ಕೂ ದಿಕ್ಕಿಗೆ ಹಿಗ್ಗುವ ಬಟ್ಟೆ. ಅಂಗಡಿಯಲ್ಲಿ "ಫೋರ್ ವೇ ಲೈಕ್ರಾ" ಎಂದು ಕೇಳಿ. ಪಾಲಿಯೆಸ್ಟರ್ ಇಲ್ಲವೇ ನೈಲಾನ್ ನೂಲಿಗೆ ಸ್ಪ್ಯಾಂಡೆಕ್ಸ್ ಬೆರೆಸಿ ಹೆಣೆದದ್ದು ಅದು. ಬಾಗಲಕೋಟೆಯಲ್ಲಿ ಬಣ್ಣ ಸಿಗದಿದ್ದರೆ ಬೆಳಗಾವಿಯ ಖಡೇಬಜಾರಿಗೋ ಹುಬ್ಬಳ್ಳಿಗೋ ಹೋಗಿ ಬನ್ನಿ. ಫೋನಿನಲ್ಲಿ ಬಣ್ಣ ನೋಡಿ ತರಿಸಬೇಡಿ. ಅಂಗಡಿಯಲ್ಲಿಯೇ ಮೂರು ಪರೀಕ್ಷೆ ಮಾಡಿ. ಬಟ್ಟೆಯ ಮೇಲೆ 4 ಇಂಚು ಗುರುತು ಹಾಕಿ ಎಳೆಯಿರಿ. ಅದು 6 ಇಂಚಿಗೆ ಹಿಗ್ಗಿ, ಬಿಟ್ಟಾಗ ಸರಿಯಾಗಿ 4ಕ್ಕೆ ಮರಳಬೇಕು. ನಾಲ್ಕೂಕಾಲಕ್ಕೆ ನಿಂತರೆ ಆ ಬಟ್ಟೆ ಮೊಣಕಾಲಿನಲ್ಲಿ, ಹಿಂಬದಿಯಲ್ಲಿ ಜೋಲುತ್ತದೆ. ಇದನ್ನು ಅಡ್ಡಕ್ಕೂ ಮಾಡಿ, ಉದ್ದಕ್ಕೂ ಮಾಡಿ. ಎರಡನೆಯದು, ಎಳೆದು ಹಿಡಿದ ಬಟ್ಟೆಯ ಹಿಂದೆ ಅಂಗೈ ಇಟ್ಟು ಬಿಸಿಲಿಗೆ ಹಿಡಿಯಿರಿ. ಬೆರಳುಗಳು ಎಣಿಸುವಷ್ಟು ಕಂಡರೆ ಬೇಡ, ಅಥವಾ ಲೈನಿಂಗ್ ಹಾಕಿಸಲೇಬೇಕು. 200 ಜಿಎಸ್‌ಎಂ (ಚದರ ಮೀಟರಿಗೆ 200 ಗ್ರಾಂ ತೂಕ) ಆಸುಪಾಸಿನದು ಸಾಮಾನ್ಯವಾಗಿ ಮಾನ ಕಾಯುತ್ತದೆ. ಬಿಳಿ ಮಾತ್ರ ಎಷ್ಟು ದಪ್ಪವಿದ್ದರೂ ಲೈನಿಂಗ್ ಬೇಡುತ್ತದೆ. ಮೂರನೆಯದು, ಅಂಗೈಗೆ ನೀರು ಸವರಿಕೊಂಡು ಬಟ್ಟೆಯನ್ನು ಬಿಗಿಯಾಗಿ ಹಿಡಿದು ಎಳೆಯಿರಿ. ಜಾರುತ್ತದೆಯೇ ಇಲ್ಲವೇ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಹತ್ತಿಯೇ ಮೈಗೆ ಒಳ್ಳೆಯದಲ್ಲವೇ ಎಂದು ತಾಯಂದಿರು ಕೇಳುತ್ತಾರೆ. ನಮ್ಮ ಕಡೆಯ ಏಪ್ರಿಲ್, ಮೇ ಬಿಸಿಲಿಗೆ ಮನೆಯಲ್ಲಿ ಹತ್ತಿಯೇ ಸರಿ. ಮೈದಾನದಲ್ಲಿ ಹತ್ತಿ ಬೆವರು ಕುಡಿದು ಭಾರವಾಗಿ ಮೈಗಂಟುತ್ತದೆ, ಬೇಗ ಒಣಗುವುದಿಲ್ಲ. ಅಭ್ಯಾಸಕ್ಕೆ ಹತ್ತಿಯ ಟಿ-ಶರ್ಟ್ ಇರಲಿ, ಪ್ರದರ್ಶನಕ್ಕೆ ಹಿಗ್ಗುವ ಬಟ್ಟೆ ಇರಲಿ.

ಅಂಗಿಯ ಕತ್ತರಿಕೆ

ನಿಜವಾದ ಕೆಲಸ ಇಲ್ಲಿದೆ. ಈಗಲೇ ಎದ್ದು ನಿಂತು ನಿಮ್ಮ ಮೈಮೇಲಿನ ಬಟ್ಟೆಯಲ್ಲೇ ಎರಡೂ ಕೈ ನೇರ ಮೇಲೆತ್ತಿ ನೋಡಿ. ಅಂಗಿಯ ಅಂಚು ಎರಡು ಮೂರು ಇಂಚು ಮೇಲೇರುತ್ತದೆ. ಚಿಯರ್‌ಲೀಡರ್‌ಳ ಕೈ ಅರ್ಧ ಹೊತ್ತು ಮೇಲೆಯೇ ಇರುತ್ತದೆ. ಅಂಗಿಯನ್ನು ಸೊಂಟಕ್ಕೆ ಸರಿಯಾಗಿ ಹೊಲಿದರೆ ಅವಳು ಪ್ರತಿ ಹೆಜ್ಜೆಗೂ ಅದನ್ನು ಕೆಳಗೆಳೆದುಕೊಳ್ಳುತ್ತಾಳೆ, ಮುಖದ ನಗು ಹೋಗುತ್ತದೆ, ತಾಳ ತಪ್ಪುತ್ತದೆ.

ಇದಕ್ಕೆ ಎರಡು ದಾರಿಗಳಿವೆ. ಅಂಗಿ ಮತ್ತು ಚಡ್ಡಿ ಒಂದೇ ಆಗಿರುವ ಇಡೀ ಮೈಯ ಒಳಉಡುಗೆ ಹೊಲಿದು ಮೇಲೆ ಸ್ಕರ್ಟು ತೊಡಿಸುವುದು ಒಂದು. ನೋಡಲು ಇದು ಅಚ್ಚುಕಟ್ಟು. ಆದರೆ ನಮ್ಮ ಮೈದಾನಗಳ ಶೌಚಾಲಯದಲ್ಲಿ ಪೂರ್ತಿ ಕಳಚಿ ಮತ್ತೆ ತೊಡುವುದು ಹುಡುಗಿಯರಿಗೆ ಹಿಂಸೆ. ಅದಕ್ಕಾಗಿಯೇ ಅವರು ನೀರು ಕುಡಿಯುವುದನ್ನು ಬಿಡುತ್ತಾರೆ, ಬಿಸಿಲಲ್ಲಿ ತಲೆ ಸುತ್ತಿ ಕೂಡುತ್ತಾರೆ. ಆದ್ದರಿಂದ ನಾನು ಎರಡನೆಯ ದಾರಿಯನ್ನೇ ಹೇಳುತ್ತೇನೆ. ಅಂಗಿಯನ್ನು ಸೊಂಟದಿಂದ 6 ಇಂಚು ಕೆಳಗಿನವರೆಗೆ ಹೊಲಿಸಿ, ಸ್ಕರ್ಟಿನ ಒಳಗೆ ಸೇರಿಸಿ. ಮೂರು ಇಂಚು ಏರಿದರೂ ಮೂರು ಇಂಚು ಒಳಗೇ ಉಳಿಯುತ್ತದೆ. ಕಂಕುಳಲ್ಲಿ ಅಂಗೈ ಅಗಲದ ಚೌಕ ತುಂಡೊಂದನ್ನು ಮೂಲೆ ಕೆಳಗೆ ಮಾಡಿ ಸೇರಿಸಿದರೆ ಕೈ ಎತ್ತಿದಾಗ ಆ ತುಂಡು ತೆರೆದುಕೊಳ್ಳುತ್ತದೆ, ಅಂಗಿಯ ಮೈ ಅಲ್ಲೇ ಇರುತ್ತದೆ. ಕೆಲಸ ತುಸು ಹೆಚ್ಚು, ಆದರೆ ಹೇಳಿ ಮಾಡಿಸಿಕೊಳ್ಳಿ.

ಹಿಗ್ಗುವ ಬಟ್ಟೆಯನ್ನು ಮೈಯ ಅಳತೆಗಿಂತ ಸುಮಾರು ಹತ್ತರಲ್ಲಿ ಒಂದು ಪಾಲು ಕಡಿಮೆ ಕತ್ತರಿಸಬೇಕು. ಎದೆ 32 ಇದ್ದರೆ ಅಂಗಿ 29ರ ಹತ್ತಿರ. ಬ್ಲೌಸಿಗೆ ರೂಢಿಯಾದ ಕೈ ಇದಕ್ಕೆ ಬೇಗ ಒಪ್ಪುವುದಿಲ್ಲ, ಸಡಿಲ ಬಿಟ್ಟುಬಿಡುತ್ತದೆ. ನಿಮ್ಮ ದರ್ಜಿ ಲೈಕ್ರಾ ಹೊಲಿದವರೇ ಎಂದು ತಿಳಿಯಲು ಸುಲಭವಾದ ಉಪಾಯವಿದೆ. ಎರಡು ತುಂಡು ಸೇರಿಸಿ ಹೊಲಿದು ಕೊಡಿ ಎಂದು ಕೇಳಿ, ಹೊಲಿಗೆಯನ್ನು ಉದ್ದಕ್ಕೂ ಜೋರಾಗಿ ಎಳೆಯಿರಿ. ದಾರ ಟಕ್ಕೆಂದು ಹರಿದರೆ ನೇರ ಹೊಲಿಗೆ ಹಾಕಿದ್ದಾರೆ ಎಂದರ್ಥ. ಓವರ್‌ಲಾಕ್ ಇಲ್ಲವೇ ಜಿಗ್‌ಜಾಗ್ ಹೊಲಿಗೆ, ಪಾಲಿಯೆಸ್ಟರ್ ದಾರ, ಮೊಂಡು ತುದಿಯ ಬಾಲ್‌ಪಾಯಿಂಟ್ ಸೂಜಿ ಇರಬೇಕು. ಚೂಪು ಸೂಜಿ ಹೆಣಿಗೆಯ ಎಳೆಗಳನ್ನು ಕತ್ತರಿಸಿ ಸಣ್ಣ ತೂತು ಬಿಡುತ್ತದೆ, ನಾಲ್ಕು ಸಲ ತೊಳೆದಾಗ ಅದೇ ತೂತು ಸಾಲಾಗಿ ಬಿಚ್ಚುತ್ತದೆ.

ತೋಳು ಉದ್ದವಿರಲಿ, ಗಿಡ್ಡವಿರಲಿ, ಬಿಗಿಯಾಗಿರಬೇಕು. ಎತ್ತುವ ತಂಡಕ್ಕೆ ಸಡಿಲ ತೋಳು, ಹಿಂದೆ ಕಟ್ಟುವ ಲಾಡಿ, ಜೋಲುವ ಗೊಂಡೆ ಯಾವುದೂ ಬೇಡ. ಬೆರಳು ಸಿಕ್ಕಿಕೊಂಡರೆ ಅಪಾಯ. ಬೆನ್ನಿನ ಜಿಪ್ ಲಾಗ ಹೊಡೆಯುವಾಗ ಬೆನ್ನುಮೂಳೆಗೆ ಒತ್ತುತ್ತದೆ. ಬಟ್ಟೆ ಹಿಗ್ಗುವುದರಿಂದ ತಲೆಯ ಮೇಲಿಂದ ತೊಡುವ ಅಂಗಿಯೇ ಸಾಕು. ಕನ್ನಡಿ, ಕಲ್ಲು, ಟಿಕಲಿ ಅಂಟಿಸಿದ ಅಂಗಿ ಕೆಳಗೆ ನಿಂತವಳ ಕೆನ್ನೆಯನ್ನು ತರಚುತ್ತದೆ.

ಸ್ಕರ್ಟೋ, ಪ್ಯಾಂಟೋ

ಸ್ಕರ್ಟೇ ಬೇಕೆಂದಿಲ್ಲ. ಹಿಗ್ಗುವ ಪ್ಯಾಂಟು ತೊಟ್ಟ ತಂಡವೂ ಅಷ್ಟೇ ಚೆಂದ ಕಾಣುತ್ತದೆ. ಹುಡುಗ ಹುಡುಗಿಯರು ಸೇರಿದ ತಂಡವಾದರೆ ಎಲ್ಲರಿಗೂ ಪ್ಯಾಂಟು ಹಾಕಿಸಿದಾಗ ಸಾಲು ಒಂದೇ ಆಗಿ ಕಾಣುತ್ತದೆ. ಸ್ಕರ್ಟು ಬೇಕೆನ್ನುವವರಿಗೆ ಮೂರು ಬಗೆಗಳಿವೆ. ಕೆಳಗೆ ಸ್ವಲ್ಪ ಅಗಲಿಸುವ ಎ-ಲೈನ್ ಅತಿ ಸುಲಭ, ಬಟ್ಟೆ ಕಡಿಮೆ ಹಿಡಿಯುತ್ತದೆ, ಎತ್ತುವಾಗ ಸೊಂಟ ಕೈಗೆ ಸಿಗುತ್ತದೆ. ಪೂರ್ತಿ ಗೋಲಾಕಾರದ್ದು ತಿರುಗಿದಾಗ ಸಮತಟ್ಟಾಗಿ ಎದ್ದು ನಿಲ್ಲುತ್ತದೆ, ಕುಣಿತದ ತಂಡಕ್ಕೆ ಒಳ್ಳೆಯದು. ಸೊಂಟದ ಅಳತೆಯನ್ನು 6.28ರಿಂದ ಭಾಗಿಸಿದರೆ ನಡುವಿನ ತೂತಿನ ತ್ರಿಜ್ಯ ಸಿಗುತ್ತದೆ: 28 ಇಂಚಿನ ಸೊಂಟಕ್ಕೆ ನಾಲ್ಕೂವರೆ ಇಂಚು. ಅದಕ್ಕೆ 15 ಇಂಚು ಉದ್ದ ಸೇರಿಸಿದರೆ ಒಟ್ಟು 39 ಇಂಚು ಅಗಲದ ವೃತ್ತ, ಅಂದರೆ ಮಡಿಕೆ ಸೇರಿ ಒಂದು ಮೀಟರಿಗಿಂತ ತುಸು ಹೆಚ್ಚು ಬಟ್ಟೆ. ಹಿಗ್ಗದ ಬಟ್ಟೆಯಾದರೆ ಸೊಂಟದ ಬದಲು ಸೀಟಿನ ಅಳತೆ ತೆಗೆದುಕೊಳ್ಳಿ, ಇಲ್ಲದಿದ್ದರೆ ಸ್ಕರ್ಟು ಮೇಲೇರುವುದೇ ಇಲ್ಲ.

ಮೂರನೆಯದು ನೆರಿಗೆಯ ಸ್ಕರ್ಟು. ನನಗೆ ಅದೇ ಇಷ್ಟ. ನೆರಿಗೆಯ ಒಳಮಗ್ಗುಲಿಗೆ ಬೇರೆ ಬಣ್ಣ ಕೊಟ್ಟರೆ ತಿರುಗಿದಾಗ ಆ ಬಣ್ಣ ಮಿಂಚಿ ಮರೆಯಾಗುತ್ತದೆ. ಪೂರ್ತಿ ನೆರಿಗೆಗೆ ಸೊಂಟದ ಮೂರು ಪಟ್ಟು ಬಟ್ಟೆ ಬೇಕು: 28ಕ್ಕೆ 84 ಇಂಚು. ಲೆಕ್ಕ ಜಾಣತನದಿಂದ ಮಾಡಿದರೆ ಉಳಿತಾಯವಿದೆ. 58 ಇಂಚು ಅಗಲದ ಬಟ್ಟೆಯಲ್ಲಿ ಒಬ್ಬೊಬ್ಬರಿಗೆ ಬೇರೆ ಬೇರೆ ಕತ್ತರಿಸಿದರೆ ತಲೆಗೆ ಎರಡು ಪಟ್ಟಿ, 12 ಹುಡುಗಿಯರಿಗೆ 24 ಪಟ್ಟಿ. ಎಲ್ಲವನ್ನೂ ಒಂದೇ ಉದ್ದಕ್ಕೆ ಜೋಡಿಸಿಕೊಂಡು ಕತ್ತರಿಸಿದರೆ 18 ಪಟ್ಟಿಯಲ್ಲಿ ಮುಗಿಯುತ್ತದೆ. ಪಟ್ಟಿಯ ಎತ್ತರ 17 ಇಂಚು ಹಿಡಿದರೆ ಹತ್ತೂಕಾಲು ಮೀಟರ್ ದಾಟುವ ಬಟ್ಟೆ ಎಂಟು ಮೀಟರಿನೊಳಗೆ ಬರುತ್ತದೆ. ಜೋಡಣೆಯ ಹೊಲಿಗೆ ಮಾತ್ರ ನೆರಿಗೆಯ ಒಳಗೆ ಅಡಗುವಂತೆ ನೋಡಿಕೊಳ್ಳಬೇಕು. ನೆರಿಗೆಗೆ ಪಾಲಿಯೆಸ್ಟರ್ ಆಗಬೇಕು. ಬಿಸಿ ಒತ್ತಿ ಕೂಡಿಸಿದ ನೆರಿಗೆ ಅದರಲ್ಲಿ ಉಳಿಯುತ್ತದೆ, ಹತ್ತಿಯಲ್ಲಾದರೆ ಪ್ರತಿ ಸಲ ಇಸ್ತ್ರಿ.

ಸ್ಕರ್ಟಿನ ಕೆಳಗಿನ ಚಡ್ಡಿಯ ಬಗ್ಗೆ ಗಂಡು ಶಿಕ್ಷಕರು ಕೇಳಲು ಸಂಕೋಚಪಡುತ್ತಾರೆ, ಹುಡುಗಿಯರು ಹೇಳಲು ಸಂಕೋಚಪಡುತ್ತಾರೆ. ಆದ್ದರಿಂದ ನಾನೇ ಹೇಳಿಬಿಡುತ್ತೇನೆ. ಒಳಚಡ್ಡಿ ಸಮವಸ್ತ್ರದ ಭಾಗ, ಅದನ್ನೂ ಎಲ್ಲರಿಗೂ ಒಂದೇ ಬಟ್ಟೆಯಲ್ಲಿ, ಗಾಢ ಬಣ್ಣದಲ್ಲಿ ಹೊಲಿಸಿ. ಪ್ರದರ್ಶನದ ದಿನ ಯಾರಾದರೊಬ್ಬಳಿಗೆ ಮುಟ್ಟಿನ ದಿನವಾಗಿರುತ್ತದೆ. ಕಡುನೀಲಿ ಅಥವಾ ಕಪ್ಪು ಚಡ್ಡಿ, ಒಳಗೆ ಹತ್ತಿಯ ಎರಡನೆಯ ಪದರ ಇದ್ದರೆ ಅವಳು ಹೆದರದೆ ಜಿಗಿಯುತ್ತಾಳೆ. ಸೊಂಟದಿಂದ ಕೆಳಗೆ ಬಿಳಿ ಬಟ್ಟೆಯನ್ನು ನಾನು ಯಾವ ತಂಡಕ್ಕೂ ಒಪ್ಪುವುದಿಲ್ಲ. ಚಡ್ಡಿಯ ಬದಲು ಪೂರ್ತಿ ಲೆಗ್ಗಿಂಗ್ ಬೇಕೆಂದರೆ ತಂಡದ ಬಣ್ಣದಲ್ಲೇ ತನ್ನಿ. ಬಜಾರದಲ್ಲಿ ಮೈಬಣ್ಣದ್ದು ಎಂದು ಮಾರುವ ಲೆಗ್ಗಿಂಗು, ನೆಟ್ ಬಟ್ಟೆಗಳು ನಮ್ಮ ಮಕ್ಕಳ ಮೈಬಣ್ಣದವಲ್ಲ. ಎಣ್ಣೆಗೆಂಪು ಹುಡುಗಿಯ ಕಾಲಿಗೆ ಯಾರದೋ ಬಿಳಿಚಿದ ಚರ್ಮ ತೊಡಿಸಿದ ಹಾಗೆ ಕಾಣುತ್ತದೆ. ನಮ್ಮ ಹುಡುಗಿಯರು ತಮ್ಮ ಬಣ್ಣದಲ್ಲೇ ಚೆಂದ.

ತಲೆ ಮುಚ್ಚಿಕೊಳ್ಳುವ ಹುಡುಗಿಯರು ತಂಡದಲ್ಲಿದ್ದರೆ ಅದೇ ಲೈಕ್ರಾದಲ್ಲಿ, ಪಿನ್ನು ಬೇಡದ, ತಲೆಯ ಮೇಲಿಂದ ಎಳೆದು ತೊಡುವ ಬಿಗಿ ಮುಸುಕು ಹೊಲಿದು ಕೊಡಬಹುದು. ಅಳತೆ ತೆಗೆಯುವ ದಿನವೇ ಅವರನ್ನು ಕೇಳಿ.

ಬಣ್ಣ, ಮತ್ತು ನಮ್ಮೂರಿನ ಖಣ

ಬಣ್ಣ ಆರಿಸುವಾಗ ಐವತ್ತು ಹೆಜ್ಜೆ ದೂರದಲ್ಲಿ ಕೂತ ಪ್ರೇಕ್ಷಕರನ್ನು ನೆನೆಯಿರಿ. ಅವರಿಗೆ ಕಾಣಬೇಕಾದದ್ದು ಕೈಗಳ ರೇಖೆ. ಅಂಗಿಯ ಮೈ ಗಾಢವಾಗಿದ್ದು ತೋಳು ತಿಳಿಯಾಗಿದ್ದರೆ, ಅಥವಾ ಮುಂಗೈಯಲ್ಲಿ ತಿಳಿ ಬಣ್ಣದ ಪಟ್ಟಿ ಇದ್ದರೆ, ಇಡೀ ಸಾಲು ಒಟ್ಟಿಗೆ ಕೈ ಎತ್ತಿದ್ದು ಎದ್ದು ಕಾಣುತ್ತದೆ. ಕುಚ್ಚಿಗೂ ಅಂಗಿಗೂ ಒಂದೇ ಬಣ್ಣ ಕೊಡಬೇಡಿ, ಎದೆಯ ಮುಂದೆ ಹಿಡಿದಾಗ ಕುಚ್ಚು ಕಾಣುವುದೇ ಇಲ್ಲ. ಬೂದು ಮತ್ತು ತಿಳಿನೀಲಿ ಬಣ್ಣಗಳಲ್ಲಿ ಬೆವರಿನ ಕಲೆ ಬೇಗ ತೋರುತ್ತದೆ. ಕಡುನೀಲಿ, ಕಪ್ಪು ಅದನ್ನು ಮುಚ್ಚುತ್ತವೆ. ನಮ್ಮ ಎರೆ ಮಣ್ಣಿನ ಮೈದಾನದಲ್ಲಿ ಮೊಣಕಾಲೂರಿ ಏಳುವ ತಂಡ ಇದನ್ನೂ ಗಮನಿಸಬೇಕು.

ಕೆಂಪು-ಹಳದಿ ಬೇಕೆಂದು ಬಹಳ ತಂಡಗಳು ಕೇಳುತ್ತವೆ. ನವೆಂಬರ್ 1ರಂದು ಬೆಳಗಾವಿಯ ಬೀದಿಗಳನ್ನು ಕಂಡವರಿಗೆ ಆ ಬಣ್ಣಗಳ ಮೇಲೆ ಆಸೆ ಹುಟ್ಟುವುದು ಸಹಜ. ಹಳದಿ ಅಂಗಿ, ಕೆಂಪು ಸ್ಕರ್ಟು ತೊಟ್ಟರೆ ಹುಡುಗಿ ನಾಡಿನ ಬಾವುಟವೇ ಆಗಿಬಿಡುತ್ತಾಳೆ. ರಾಜ್ಯೋತ್ಸವದ ಪಥಸಂಚಲನಕ್ಕೆ ಅದು ಶೋಭೆ. ಆದರೆ ಅಂತರ ಕಾಲೇಜು ಪಂದ್ಯದಲ್ಲಿ ಎದುರಿನ ತಂಡವೂ ನಾಡಿನದ್ದೇ. ಅಲ್ಲಿ ನಿಮ್ಮ ಕಾಲೇಜಿನ ಸ್ವಂತ ಬಣ್ಣವೇ ಇರಬೇಕು. ಎರಡು ಬಣ್ಣ ಮತ್ತು ಒಂದು ಗೆರೆಯ ಬಣ್ಣ, ಅದಕ್ಕಿಂತ ಹೆಚ್ಚು ಬೇಡ.

ನಾನು ಗುಳೇದಗುಡ್ಡದ ನೇಕಾರರ ಮನೆಯಲ್ಲಿ ಹುಟ್ಟಿದವಳು, ರವಿಕೆಗೆಂದು ನೇಯುವ ಖಣದ ಬಟ್ಟೆಯ ಮಗ್ಗದ ಸದ್ದಿನಲ್ಲೇ ಬೆಳೆದವಳು. ಆದ್ದರಿಂದ ಇದನ್ನು ಆಸೆಯಿಂದಲೇ ಹೇಳುತ್ತೇನೆ: ನಿಮ್ಮ ಸಮವಸ್ತ್ರದಲ್ಲಿ ಎಲ್ಲಾದರೂ ಒಂದು ಗೇಣು ಖಣ ಇರಲಿ. ಅಮೆರಿಕದ ಆಟವನ್ನು ಬಾಗಲಕೋಟೆಯ ಹುಡುಗಿಯರು ಆಡುವಾಗ ನೋಡಿದ ಕೂಡಲೇ ಇವರು ಎಲ್ಲಿಯವರೆಂದು ತಿಳಿಯಬೇಕು. ಆದರೆ ಖಣ ಮಗ್ಗದ ಬಟ್ಟೆ, ಹಿಗ್ಗುವುದಿಲ್ಲ. ಇಡೀ ಅಂಗಿಯನ್ನು ಖಣದಲ್ಲಿ ಹೊಲಿಸಿದರೆ ಸ್ಯಾಟಿನ್ನಿನ ಕಷ್ಟವೇ ಮತ್ತೆ ಬರುತ್ತದೆ. ಮೈ ಹೆಚ್ಚು ಹಿಗ್ಗುವುದು ಬೆನ್ನಿನ ಅಡ್ಡಕ್ಕೆ, ಕಂಕುಳಲ್ಲಿ, ಸೊಂಟದಲ್ಲಿ. ಆ ಜಾಗಗಳಲ್ಲಿ ಖಣ ಬೇಡ. ಹೆಗಲ ಮೇಲಿನ ಪಟ್ಟಿ, ಸ್ಕರ್ಟಿನ ಕೆಳ ಅಂಚು, ನೆರಿಗೆಯ ಒಳಮಗ್ಗುಲು, ಕೂದಲಿನ ಪಟ್ಟಿ: ಇವು ಎಳೆತಕ್ಕೆ ಸಿಗದ ಜಾಗಗಳು, ಅಲ್ಲಿ ಧಾರಾಳವಾಗಿ ಹಾಕಿ. ಎ-ಲೈನ್ ಸ್ಕರ್ಟಿನ ಅಂಚಿಗೆ ಎರಡು ಇಂಚಿನ ಖಣದ ಪಟ್ಟಿ ಕೊಟ್ಟರೆ ಸಾಕು. ತೇರು, ಆನೆಹೆಜ್ಜೆಯಂತಹ ಸಣ್ಣ ಬುಟ್ಟಾಗಳು ದೂರಕ್ಕೆ ಕಾಣುವುದಿಲ್ಲ. ದೂರಕ್ಕೆ ಕಾಣುವುದು ಖಣದ ಹೊಳಪು ಮತ್ತು ಅಂಚಿನ ಗೆರೆ. ಹಾಗಾಗಿ ಅಂಚು ಢಾಳಾಗಿರುವ ಖಣ ಆರಿಸಿ. ಹೊಲಿಯುವ ಮೊದಲು ಅದನ್ನು ತಣ್ಣೀರಿನಲ್ಲಿ ನೆನೆಸಿ, ನೆರಳಿನಲ್ಲಿ ಒಣಗಿಸಿ. ಹೆಚ್ಚಿನ ಬಣ್ಣ ಬಿಡುವುದಿದ್ದರೆ ಅಲ್ಲೇ ಬಿಡಲಿ, ಕುಗ್ಗುವುದಿದ್ದರೆ ಅಲ್ಲೇ ಕುಗ್ಗಲಿ. ನೀರು ಕೆಂಪಾಗುವುದು ನಿಲ್ಲದ ತುಂಡನ್ನು ತಿಳಿ ಬಣ್ಣದ ಲೈಕ್ರಾ ಪಕ್ಕಕ್ಕೆ ಸೇರಿಸಬೇಡಿ.

ಇಳಕಲ್ ಸೀರೆಯ ಸೆರಗಿನ ಕೆಂಪು-ಬಿಳಿ ವಿನ್ಯಾಸವನ್ನು ಲೈಕ್ರಾ ಮೇಲೆ ಮುದ್ರಿಸಬಹುದೇ ಎಂದು ಕೇಳುವವರಿದ್ದಾರೆ. ಬಿಸಿಯಿಂದ ಬಣ್ಣವನ್ನು ನೂಲಿಗೇ ಇಳಿಸುವ ಸಬ್ಲಿಮೇಷನ್ ಮುದ್ರಣದಲ್ಲಿ ಸಾಧ್ಯ. ಅದು ಬಿಳಿ ಅಥವಾ ತಿಳಿ ಪಾಲಿಯೆಸ್ಟರಿನ ಮೇಲೆ ಮಾತ್ರ ಕೂಡುತ್ತದೆ, ಹತ್ತಿಯ ಮೇಲೆ ನಿಲ್ಲುವುದಿಲ್ಲ. ನೇಕಾರರ ಮಗಳಾಗಿ ನನ್ನ ಮನಸ್ಸು ನೇಯ್ದ ತುಂಡಿನ ಕಡೆಗೇ ವಾಲುತ್ತದೆ. ಕಸೂತಿ ಬೇಕೆಂದರೆ ಹೆಗಲ ಪಟ್ಟಿಗೆ ಹತ್ತಿಯ ಬಟ್ಟೆ ಇಟ್ಟುಕೊಂಡು ಅದರ ಮೇಲೆ ಹಾಕಿಸಿ. ಕಸೂತಿ ಎಳೆ ಎಣಿಸಿ ಹಾಕುವ ಕೆಲಸ, ಲೈಕ್ರಾದಲ್ಲಿ ಎಣಿಸಲು ಎಳೆಯೇ ಸಿಗುವುದಿಲ್ಲ.

ಎದೆಯ ಮೇಲಿನ ಹೆಸರು ಕನ್ನಡದಲ್ಲಿರಲಿ, ಎರಡು ಮೂರು ಅಕ್ಷರದ ಚಿಕ್ಕ ಹೆಸರು. ಒತ್ತಕ್ಷರವಿದ್ದರೆ ಅದಕ್ಕೂ ಸೇರಿಸಿ ಎತ್ತರದ ಲೆಕ್ಕ ಹಾಕಿ, ಇಲ್ಲದಿದ್ದರೆ ಕೆಳಗಿನ ಗೆರೆ ತೆಳ್ಳಗಾಗಿ ಮಾಯವಾಗುತ್ತದೆ. ಬಿಸಿ ಒತ್ತಿ ಅಂಟಿಸುವ ಅಕ್ಷರವಾದರೆ ಹಿಗ್ಗುವ ವಿನೈಲ್ ಕೇಳಿ, ಸಾಮಾನ್ಯದ್ದು ಲೈಕ್ರಾ ಮೇಲೆ ಬಿರುಕು ಬಿಡುತ್ತದೆ.

ಬೂಟು, ಕೂದಲು, ಬಳೆ

ಹಣ ಕಡಿಮೆಯಿದ್ದರೆ ಮೊದಲು ಬೂಟಿಗೆ, ಆಮೇಲೆ ಒಳಚಡ್ಡಿಗೆ, ಆಮೇಲೆ ಅಂಗಿಗೆ ಖರ್ಚು ಮಾಡಿ. ಹಗುರವಾದ, ಚಪ್ಪಟೆ ಅಡಿಯ, ಪಾದಕ್ಕೆ ಬಿಗಿಯಾಗಿ ಕೂಡುವ ಬೂಟು ಬೇಕು. ದಪ್ಪ ಅಡಿಯ ಓಟದ ಬೂಟು ಗೆಳತಿಯ ಅಂಗೈಯಲ್ಲಿ ಅಲುಗಾಡುತ್ತದೆ. ಹಿಂದಿನ ವರ್ಷದ ಅಂಗಿಯನ್ನೇ ತೊಟ್ಟರೂ ಚಿಂತೆಯಿಲ್ಲ, ಸವೆದ ಬೂಟಿನಲ್ಲಿ ಯಾರನ್ನೂ ಮೇಲೆ ಹತ್ತಿಸಬೇಡಿ.

ಕೂದಲನ್ನು ಎತ್ತಿ ಬಿಗಿಯಾಗಿ ಕಟ್ಟಬೇಕು, ಬಟ್ಟೆಯ ಪಟ್ಟಿಯಿಂದಲೇ, ಲೋಹದ ಕ್ಲಿಪ್ಪು ಬೇಡ. ಆಭರಣ ಯಾವುದೂ ಇರಬಾರದು. ನಮ್ಮ ಕಡೆ ಇದು ಸುಲಭದ ಮಾತಲ್ಲ: ಕೈ ಬರಿದಾಗಿಸುವುದೆಂದರೆ ಅಜ್ಜಿಯರಿಗೆ ಅಳುಕು. ಗಾಜಿನ ಬಳೆ ಒಡೆದರೆ ಕೆಳಗಿನವಳ ಕಣ್ಣಿಗೆ ಬೀಳುತ್ತದೆ ಎಂದು ತಿಳಿಸಿ ಹೇಳಿ, ಒಪ್ಪುತ್ತಾರೆ. ಹೊಸದಾಗಿ ಮೂಗು ಚುಚ್ಚಿಸಿಕೊಂಡು ನತ್ತು ತೆಗೆಯಲಾಗದ ಹುಡುಗಿಯನ್ನು ಆ ಸಲ ಎತ್ತುವ ಗುಂಪಿನಿಂದ ಹೊರಗಿಟ್ಟು, ಕುಣಿಯುವ ಸಾಲಿನಲ್ಲಿ ನಿಲ್ಲಿಸಿ.

ಅಳತೆ, ಮಾದರಿ, ಪರೀಕ್ಷೆ

ಅಳತೆಯನ್ನು ಹೆಣ್ಣುಮಗಳೇ ತೆಗೆಯಲಿ, ಪರದೆ ಹಾಕಿದ ಕೋಣೆಯಲ್ಲಿ, ತೆಳುವಾದ ಬಟ್ಟೆಯ ಮೇಲೆ. ಚೂಡಿದಾರದ ಮೇಲೆ ತೆಗೆದ ಅಳತೆ ಲೈಕ್ರಾಗೆ ಉಪಯೋಗವಿಲ್ಲ. ಯಾರ ಅಳತೆಯನ್ನೂ ಗಟ್ಟಿಯಾಗಿ ಕೂಗಬೇಡಿ, ಕಾಗದದಲ್ಲಿ ಬರೆಯಿರಿ. ದಪ್ಪ ಹುಡುಗಿ ಆ ಒಂದು ಮಾತಿಗೇ ತಂಡ ಬಿಟ್ಟು ಹೋಗಬಲ್ಲಳು. ಎತ್ತುವ ತಂಡಕ್ಕೆ ಬೇರಿನಂತೆ ನಿಲ್ಲುವವಳು ಅವಳೇ. ಉಡುಗೆಯ ವಿನ್ಯಾಸ ಆರಿಸುವಾಗಲೂ ತಂಡದ ಅತಿ ತೆಳ್ಳಗಿನವಳ ಮೇಲೆ ನೋಡಿ ಒಪ್ಪಬೇಡಿ. ಎರಡು ಮಾದರಿ ಹೊಲಿಸಿ, ಒಂದು ಎತ್ತರದವಳಿಗೆ, ಒಂದು ದಪ್ಪನೆಯವಳಿಗೆ. ಇಬ್ಬರಿಗೂ ಹಿತವಾದರೆ ಉಳಿದವರಿಗೂ ಹಿತವಾಗುತ್ತದೆ.

ಮಾದರಿ ತೊಡಿಸಿ ಕನ್ನಡಿಯ ಮುಂದೆ ನಿಲ್ಲಿಸಬೇಡಿ. ಅಂಗಳಕ್ಕೆ ಕರೆದು ಕೈ ಎತ್ತಿಸಿ, ಮುಂದೆ ಬಾಗಿಸಿ, ಕುಕ್ಕರುಗಾಲಿನಲ್ಲಿ ಕೂಡಿಸಿ, ಜಿಗಿಸಿ, ಗೆಳತಿಯರಿಂದ ಸೊಂಟ ಹಿಡಿಸಿ. ಈ ಹೊತ್ತಿನಲ್ಲಿ ಅವಳ ಕೈ ಎಷ್ಟು ಸಲ ಅಂಗಿಯ ಕಡೆ ಹೋಯಿತು ಎಂದು ನೋಡಿ. ಒಮ್ಮೆಯೂ ಹೋಗದಿದ್ದರೆ ಮಾದರಿ ಗೆದ್ದಿದೆ. ಅದೇ ದಿನ ತಾಯಂದಿರನ್ನೂ ಕರೆಯಿರಿ. ಪೂರ್ತಿ ಹೊಲಿದ ಮೇಲೆ ಬರುವ ಆಕ್ಷೇಪಕ್ಕೆ ಬಟ್ಟೆ ಹಾಳು, ಮಾದರಿಯ ದಿನ ಬರುವ ಆಕ್ಷೇಪಕ್ಕೆ ಎರಡು ಇಂಚು ಉದ್ದ ಹೆಚ್ಚಿಸಿದರೆ ಸಾಕು. ತಾಯಿ ನೋಡಿ ಒಪ್ಪಿದ ಉಡುಗೆಯಲ್ಲಿ ಮಗಳು ಎದೆಯೆತ್ತಿ ನಿಲ್ಲುತ್ತಾಳೆ.

ಬಟ್ಟೆಯನ್ನು ಒಂದೇ ಸಲ, ಒಂದೇ ತಾನಿನಿಂದ ತನ್ನಿ. ಬೇರೆ ತಾನಿನದು ಅಂಗಡಿಯ ದೀಪದಲ್ಲಿ ಒಂದೇ ಬಣ್ಣವಾಗಿ ಕಂಡರೂ ಬಿಸಿಲಲ್ಲಿ ಬೇರೆಯಾಗುತ್ತದೆ. ಮಧ್ಯಮ ಅಳತೆಯ ಎರಡು ಜೊತೆ ಹೆಚ್ಚಿಗೆ ಹೊಲಿಸಿಡಿ. ಹನ್ನೆರಡು, ಹದಿಮೂರರ ಮಕ್ಕಳಾದರೆ ಉದ್ದದಲ್ಲಿ ಎರಡು ಇಂಚು ಒಳಗೆ ಮಡಿಸಿ ಬಿಡಲು ಹೇಳಿ. ದರ್ಜಿಗೆ ಕನಿಷ್ಠ ಎರಡು ತಿಂಗಳ ಸಮಯ ಕೊಡಿ. ದಸರಾ, ದೀಪಾವಳಿ, ಮದುವೆಗಳ ಕಾಲದಲ್ಲಿ ನಮ್ಮ ಯಂತ್ರಗಳಿಗೆ ಬಿಡುವೇ ಇರುವುದಿಲ್ಲ.

ತೊಳೆಯುವುದು ತಣ್ಣೀರಿನಲ್ಲಿ, ಒಳಮೈ ಹೊರಗೆ ಮಾಡಿ. ಬ್ಲೀಚು ಮತ್ತು ಬಿಸಿ ಇಸ್ತ್ರಿ ಲೈಕ್ರಾದ ಹಿಗ್ಗುವ ಗುಣವನ್ನೇ ಕೊಲ್ಲುತ್ತವೆ. ಮಧ್ಯಾಹ್ನದ ಬಿಸಿಲಿಗೆ ಹಾಕದೆ ನೆರಳಿನಲ್ಲಿ ಹರವಿ. ಪ್ರತಿ ಜೊತೆಯ ಸೊಂಟದ ಒಳಗೆ ದಾರದಿಂದ ಅಳತೆಯ ಸಂಖ್ಯೆ ಹೊಲಿದಿಡಿ, ಹುಡುಗಿಯ ಹೆಸರು ಬೇಡ, ಮುಂದಿನ ವರ್ಷ ಅದನ್ನು ಇನ್ನೊಬ್ಬಳು ತೊಡುತ್ತಾಳೆ. ಉಳಿದ ಲೈಕ್ರಾ ಮತ್ತು ಖಣದ ತುಂಡುಗಳನ್ನು ದರ್ಜಿಯ ಬಳಿ ಬಿಡದೆ ಕೇಳಿ ತೆಗೆದುಕೊಂಡು, ಸಮವಸ್ತ್ರದ ಪೆಟ್ಟಿಗೆಯಲ್ಲೇ ಇಡಿ. ಹರಿದಾಗ ತೇಪೆಗೆ ಅದೇ ತಾನಿನ ಬಟ್ಟೆ ಬೇರೆಲ್ಲೂ ಸಿಗುವುದಿಲ್ಲ.